ಸರ್ಜ್ ಟ್ಯಾಂಕ್: ರಿಸರ್ವ್ ಅಲ್ಲ, ಸ್ವಾಮಿ

‘ಪದ್ಮಿನಿ, ಇಎಫ್‌ಐ ಮಾಡಿಸಿದೆ, ಡಿಕ್ಕಿಯಲ್ಲಿ ಎರಡು ಲೀಟರ್ ರಿಸರ್ವ್ ಟ್ಯಾಂಕ್ ಇದೆ.’ ಹಳೇ ಕಾರು ಮಾರುವವರು ಹೀಗೆ ಹೇಳುತ್ತಾರೆ, ಕೊಳ್ಳುವವರು ತಲೆಯಾಡಿಸುತ್ತಾರೆ. ಇಎಫ್‌ಐ ಎಂದರೆ ಕಾರ್ಬ್ಯುರೇಟರಿನ ಬದಲು ಕೂರಿಸುವ ಎಲೆಕ್ಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್. ಅವರು ರಿಸರ್ವ್ ಎನ್ನುವುದು ಸರ್ಜ್ ಟ್ಯಾಂಕನ್ನು, ದೊಡ್ಡ ಟ್ಯಾಂಕಿಗೂ ಇಂಜೆಕ್ಷನ್ ಪಂಪಿಗೂ ನಡುವೆ ಕೂರುವ ಸಣ್ಣ ಪಾತ್ರೆಯನ್ನು. ಬರೀ ಹೆಸರಿನ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆ ಹೆಸರನ್ನು ನಂಬಿ ಪೈಪ್ ಜೋಡಿಸಿದರೆ, ಆ ಹೆಸರನ್ನು ನಂಬಿ ಕಾರು ಓಡಿಸಿದರೆ, ಎರಡೂ ಸಲ ಪಂಪ್ ಸುಡುತ್ತದೆ.

ರಿಸರ್ವ್ ಎಂಬ ಮಾತು ನಮಗೆ ಬಂದದ್ದು ಸ್ಕೂಟರಿನಿಂದ, ಬುಲೆಟ್‌ನಿಂದ. ಅಲ್ಲಿಯೂ ರಿಸರ್ವ್‌ಗೆಂದು ಬೇರೆ ಟ್ಯಾಂಕ್ ಇರಲಿಲ್ಲ. ಇದ್ದದ್ದು ಒಂದೇ ಟ್ಯಾಂಕ್, ಒಳಗೆ ಎರಡು ಬಾಯಿ: ಒಂದು ಎತ್ತರದ್ದು, ಒಂದು ತಳಕ್ಕೆ ಹತ್ತಿರದ್ದು. ಕಾಕ್ ಆನ್‌ನಲ್ಲಿದ್ದಾಗ ಎತ್ತರದ ಬಾಯಿಂದ ಪೆಟ್ರೋಲ್ ಇಳಿಯುತ್ತದೆ. ಮಟ್ಟ ಅದಕ್ಕಿಂತ ಕೆಳಗಿಳಿದಾಗ ಗಾಡಿ ಮುಗ್ಗರಿಸುತ್ತದೆ, ರಿಸರ್ವ್‌ಗೆ ತಿರುಗಿಸುತ್ತೀರಿ, ತಳದ ಬಾಯಿ ತೆರೆಯುತ್ತದೆ. ಇಷ್ಟೇ. ಅದು ಬಂಕ್ ತಲುಪುವ ತನಕದ ಉಳಿಕೆ. ಸರ್ಜ್ ಟ್ಯಾಂಕ್ ಉಳಿಕೆಯ ಲೆಕ್ಕದ್ದೇ ಅಲ್ಲ. ಎಂಜಿನ್ ಓಡುವಷ್ಟು ಹೊತ್ತೂ ಅದು ತುಂಬುತ್ತಾ, ತುಳುಕಿ ಹಿಂದಿರುಗುತ್ತಾ ಇರಬೇಕು.

ಹೆಸರನ್ನೇ ಬಿಡಿಸಿ ನೋಡೋಣ. ‘ಟ್ಯಾಂಕ್’ ಅಷ್ಟೇನೂ ಪರದೇಶಿ ಅಲ್ಲ. ಗುಜರಾತಿ, ಮರಾಠಿಯ ಟಾಂಕಿ, ಟಾಂಕೆಗಳು ಪೋರ್ಚುಗೀಸರ ಇದೇ ಬಗೆಯ ಮಾತಿನೊಡನೆ ಬೆರೆತು ಇಂಗ್ಲಿಷಿಗೆ ಹೋದವು. ಆಮೇಲೆ ಬ್ರಿಟಿಷರು ಕಾಗದಪತ್ರಗಳಲ್ಲಿ ನಮ್ಮ ಕೆರೆಗಳನ್ನೂ ಟ್ಯಾಂಕ್ ಎಂದೇ ಬರೆದರು. ತುಮಕೂರಿನ ಅಮಾನಿಕೆರೆಯೂ ಟ್ಯಾಂಕ್, ಅಂಬಾಸಿಡರ್ ಹೊಟ್ಟೆಯಡಿ ತೂಗುವ ತಗಡಿನ ಡಬ್ಬವೂ ಟ್ಯಾಂಕ್. ‘ಸರ್ಜ್’ ಲ್ಯಾಟಿನ್ ಮೂಲದ್ದು, ಮೇಲೇಳು ಎಂದು ಅರ್ಥ. ಇಂಗ್ಲಿಷಿನಲ್ಲಿ ಅದು ಉಕ್ಕೇಳುವ ಅಲೆ. ಕರೆಂಟ್ ಏಕಾಏಕಿ ಏರುವುದಕ್ಕೂ ಇದೇ ಮಾತು, ಮನೆಯ ಸರ್ಜ್ ಪ್ರೊಟೆಕ್ಟರ್ ನೆನಪಿಸಿಕೊಳ್ಳಿ. ಪ್ರೊಟೆಕ್ಟರ್ ಸರ್ಜ್ ಹುಟ್ಟಿಸುವುದಿಲ್ಲ, ತಡೆಯುತ್ತದೆ. ಸರ್ಜ್ ಟ್ಯಾಂಕೂ ಹಾಗೆಯೇ: ದೊಡ್ಡ ಟ್ಯಾಂಕಿನಲ್ಲಿ ಪೆಟ್ರೋಲ್ ಅತ್ತಿತ್ತ ಉರುಳಿದರೂ ಆ ಹೊಯ್ದಾಟ ಪಂಪಿಗೆ ತಟ್ಟದಂತೆ ನಡುವೆ ನಿಲ್ಲುವ ಸಣ್ಣ ಪಾತ್ರೆ. ಸ್ವಿರ್ಲ್ ಪಾಟ್ ಅನ್ನುವುದೂ ಇದನ್ನೇ.

ಗೋಜಲು ಇಲ್ಲಿಗೇ ಮುಗಿಯುವುದಿಲ್ಲ. ಟೊಯೋಟಾ ಮ್ಯಾನ್ಯುಯಲ್‌ಗಳಲ್ಲಿ ಸರ್ಜ್ ಟ್ಯಾಂಕ್ ಎಂದರೆ ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಕೋಣೆ. ಅಮೆರಿಕದ ಲಾರಿಗಳಲ್ಲಿ ರೇಡಿಯೇಟರ್ ಪಕ್ಕದ ಕೂಲೆಂಟ್ ಡಬ್ಬ. ಜಲವಿದ್ಯುತ್ ಯೋಜನೆಗಳಲ್ಲಿ ನೀರಿನ ಹೊಡೆತ ನುಂಗುವ ಎತ್ತರದ ಬಾವಿ. ಬರೀ ‘ಸರ್ಜ್ ಟ್ಯಾಂಕ್ ಕೊಡಿ’ ಎಂದು ಕೇಳಿದರೆ ಅಂಗಡಿಯವನು ಕೂಲೆಂಟ್ ಡಬ್ಬ ತಂದಿಟ್ಟರೆ ತಪ್ಪು ಅವನದಲ್ಲ. ‘ಪೆಟ್ರೋಲ್ ಸರ್ಜ್ ಟ್ಯಾಂಕ್’ ಎನ್ನಿ.

ಕಾರ್ಬ್ಯುರೇಟರ್ ಕಾಲದಲ್ಲಿ ಇದರ ಹಂಗಿರಲಿಲ್ಲ. ಕಾರ್ಬ್ಯುರೇಟರಿನ ಫ್ಲೋಟ್ ಬೌಲ್‌ನಲ್ಲೇ ಒಂದಿಷ್ಟು ಪೆಟ್ರೋಲ್ ನಿಂತಿರುತ್ತದೆ. ತಿರುವಿನಲ್ಲಿ ಟ್ಯಾಂಕಿನ ಪೈಪ್ ಎರಡು ಸೆಕೆಂಡ್ ಗಾಳಿ ಕುಡಿದರೂ ಎಂಜಿನ್ನಿಗೆ ತಿಳಿಯುವುದಿಲ್ಲ. ಇಂಜೆಕ್ಷನ್‌ಗೆ ಬೌಲ್ ಇಲ್ಲ. ಹಳೇ ಮೆಕ್ಯಾನಿಕಲ್ ಪಂಪ್ ಕೊಡುತ್ತಿದ್ದದ್ದು ಹೆಚ್ಚೆಂದರೆ 0.3 ಬಾರ್ ಆಸುಪಾಸು, ಇಂಜೆಕ್ಟರ್‌ಗೆ ಬೇಕಿರುವುದು 3 ಬಾರ್. ಗಾಳಿ ಹೊಕ್ಕ ಪಂಪ್ ಆ ಒತ್ತಡ ಕಟ್ಟಲಾರದು, ಎಂಜಿನ್ ತಕ್ಷಣ ಕೆಮ್ಮುತ್ತದೆ. ಕೋಲಾರದಿಂದ ಬೆಂಗಳೂರಿಗೆ ನೇರ ಹೆದ್ದಾರಿಯಲ್ಲಿ ಬೆಣ್ಣೆಯಂತೆ ಓಡಿದ ಗಾಡಿ, ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ನಂದಿಬೆಟ್ಟ ಹತ್ತುವಾಗ ಬಲತಿರುವಿನಲ್ಲಿ ಮಾತ್ರ ಮುಗ್ಗರಿಸಿದರೆ, ಇಂಜೆಕ್ಟರ್ ಬಿಚ್ಚುವ ಮೊದಲು ಟ್ಯಾಂಕ್ ತುಂಬಿಸಿ ಅದೇ ತಿರುವಿಗೆ ಹೋಗಿ. ಮುಗ್ಗರಿಕೆ ನಿಂತರೆ ರೋಗ ಟ್ಯಾಂಕಿನಲ್ಲಿದೆ.

ಈಗ ಜೋಡಣೆ. ಅದನ್ನು ಅರ್ಥ ಮಾಡಿಕೊಳ್ಳಲು ಕೋಲಾರದವರಿಗೆ ಚಿತ್ರವೇ ಬೇಡ. ಕೆ.ಸಿ. ವ್ಯಾಲಿ ನೀರನ್ನು ಪಂಪ್ ಮಾಡಿ ಲಕ್ಷ್ಮೀಸಾಗರ ಕೆರೆಗೆ ಎತ್ತುತ್ತಾರೆ, ಅದು ತುಂಬಿ ಕೋಡಿ ಬಿದ್ದು ಮುಂದಕ್ಕೆ ಹರಿಯುತ್ತದೆ. ಸರ್ಜ್ ಟ್ಯಾಂಕ್ ಅಂಥದೇ ಪುಟ್ಟ ಕೆರೆ, ಇದರ ಕೋಡಿ ನೀರು ಮಾತ್ರ ಮುಂದಕ್ಕಲ್ಲ, ಹಿಂದಕ್ಕೆ ಹೋಗುತ್ತದೆ. ಕಡಿಮೆ ಒತ್ತಡದ ಲಿಫ್ಟ್ ಪಂಪ್ ಮೂಲ ಟ್ಯಾಂಕಿನಿಂದ ಪೆಟ್ರೋಲ್ ಎತ್ತಿ ಇದರೊಳಗೆ ಸುರಿಯುತ್ತದೆ. ತಳದಲ್ಲಿ ತೂಬು, ಅಲ್ಲಿಂದ ಹೈ ಪ್ರೆಷರ್ ಪಂಪ್. ಎಂಜಿನ್ ಬಳಸದೆ, ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹಿಂದಕ್ಕೆ ಕಳಿಸಿದ್ದು ಇದರ ಮೇಲ್ಭಾಗಕ್ಕೇ ಬರಬೇಕು. ಎಲ್ಲಕ್ಕಿಂತ ಮೇಲೆ, ನೆತ್ತಿಯಲ್ಲಿ, ಕೋಡಿ: ಮೂಲ ಟ್ಯಾಂಕಿಗೆ ಹಿಂದಿರುಗುವ ಪೈಪ್. ಗಾಳಿ ಗುಳ್ಳೆಯೂ ಬಿಸಿಯೂ ಹೊರಹೋಗುವ ದಾರಿ ಅದೊಂದೇ. ಅದನ್ನು ಪಕ್ಕದಲ್ಲೆಲ್ಲೋ ಬೆಸೆದರೆ ಮೇಲೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಳಬರುವ ಪೈಪ್ 8 ಮಿ.ಮೀ. ಇದ್ದರೆ ಕೋಡಿ ಪೈಪ್ ಅದಕ್ಕಿಂತ ಸಣ್ಣದಾಗಕೂಡದು.

ಹೆಚ್ಚಿನವರು ಎಡವುವುದು ರಿಟರ್ನ್ ಪೈಪಿನಲ್ಲಿ, ಅಂದರೆ ರೆಗ್ಯುಲೇಟರಿನಿಂದ ಹಿಂದಿರುಗುವ ಪೈಪಿನಲ್ಲಿ. ಸುಮಾರು 50 ಅಶ್ವಶಕ್ತಿಯ ಎಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಗಂಟೆಗೆ 15 ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 4 ಮಿ.ಲೀ. ಚಿಲ್ಲರೆ. ಹೈ ಪ್ರೆಷರ್ ಪಂಪ್ ಮಾತ್ರ ಐಡಲ್ ಇರಲಿ, ಓಟವಿರಲಿ, ಗಂಟೆಗೆ 100 ಲೀಟರ್ ತಳ್ಳುತ್ತಲೇ ಇರುತ್ತದೆ. ಲಿಫ್ಟ್ ಪಂಪ್ ಗಂಟೆಗೆ 60 ಲೀಟರಿನದು. ರಿಟರ್ನ್ ಸರ್ಜ್ ಟ್ಯಾಂಕಿಗೇ ಬಂದರೆ 15 ಹೋಗುತ್ತದೆ, 60 ಬರುತ್ತದೆ, ಮಿಕ್ಕ 45 ಕೋಡಿ ಬೀಳುತ್ತದೆ. ಸುಖ. ‘ರಿಸರ್ವ್ ತಾನೇ, ರಿಟರ್ನ್ ಯಾಕೆ ಇದಕ್ಕೆ’ ಎಂದು ಮೂಲ ಟ್ಯಾಂಕಿಗೆ ಎಳೆದಿರೋ, 100 ಹೋಗುತ್ತದೆ, 60 ಬರುತ್ತದೆ. ಗಂಟೆಗೆ 40 ಲೀಟರ್ ಖೋತಾ ಎಂದರೆ ಒಂದು ಲೀಟರಿನ ಪಾತ್ರೆ ಒಂದೂವರೆ ನಿಮಿಷದಲ್ಲಿ ಬರಿದು. ಗಾಡಿ ಸ್ಟಾರ್ಟ್ ಆಗಿ, ಒಂದೂವರೆ ನಿಮಿಷ ಚೆನ್ನಾಗಿ ಐಡಲ್ ಹೊಡೆದು, ಆಮೇಲೆ ಸಾಯುತ್ತದೆ. ಇದಕ್ಕೆ ಇಸಿಯು, ಅಂದರೆ ಇಂಜೆಕ್ಷನ್ ನಡೆಸುವ ಕಂಪ್ಯೂಟರ್, ಬದಲಿಸುವವರೂ ಇದ್ದಾರೆ!

ಹತ್ತು ಸೆಕೆಂಡಿನ ತಿರುವಿಗೆ ಬೇಕಾಗುವುದು 42 ಮಿ.ಲೀ. ಅಷ್ಟೇ ಆದರೆ, ಲೀಟರಿನ ಪಾತ್ರೆ ಯಾಕೆ ಎನ್ನಬಹುದು. ನೊರೆಗಾಗಿ. 100 ಲೀಟರಿನ ಪಂಪಿಗೆ ಒಂದು ಲೀಟರ್ ಪಾತ್ರೆಯ ಪೆಟ್ರೋಲ್ 36 ಸೆಕೆಂಡಿಗೊಮ್ಮೆ ಸುತ್ತು ಹೊಡೆಯುತ್ತದೆ. ಎಂಜಿನ್ ಬಳಿ ಕಾದು ಗುಳ್ಳೆಗಟ್ಟಿ ಬಂದದ್ದು ತಿಳಿಯಾಗಲು ಹೊತ್ತು ಬೇಕು. ಟೊಮೇಟೊ ಸಾಸ್ ಡಬ್ಬದಷ್ಟು ಪಾತ್ರೆ ಮಾಡಿಸಿದರೆ ಪಂಪ್ ನೊರೆಯನ್ನೇ ನುಂಗುತ್ತದೆ. ಒಂದರಿಂದ ಎರಡು ಲೀಟರ್, ಅಗಲಕ್ಕಿಂತ ಎತ್ತರ ಹೆಚ್ಚು, ಇಷ್ಟಿದ್ದರೆ ಸಾಕು.

ಹೈ ಪ್ರೆಷರ್ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಂಬೇರಿ. ಆದ್ದರಿಂದ ಅದು ಪಾತ್ರೆಗಿಂತ ಕೆಳಗಿರಲಿ. ಪೆಟ್ರೋಲ್ ಅದರೊಳಗೆ ಹೋಗುವ ಬದಿಗೆ ಸುಮಾರು 100 ಮೈಕ್ರಾನ್ ಜಾಲರಿ, ಹೊರಬರುವ ಬದಿಗೆ 10 ಮೈಕ್ರಾನ್ ಫಿಲ್ಟರ್. ಅದಲುಬದಲಾದರೆ ಪಂಪ್ ಕೂಗುತ್ತದೆ, ಕೆಲವೇ ದಿನಕ್ಕೆ ಸಾಯುತ್ತದೆ. ಡಿಕ್ಕಿಯಲ್ಲಿಡುವುದಾದರೆ ಇಡೀ ಜೋಡಣೆ ಮುಚ್ಚಿದ ಪೆಟ್ಟಿಗೆಯೊಳಗಿರಲಿ, ಆ ಪೆಟ್ಟಿಗೆಯ ಗಾಳಿಕಿಂಡಿ ಗಾಡಿಯ ಹೊರಕ್ಕೆ ತೆರೆದಿರಲಿ.

ಈಗ ಆ ‘ರಿಸರ್ವ್’ ಮಾತಿಗೇ ಬರೋಣ. ಮೂಲ ಟ್ಯಾಂಕ್ ಬರಿದಾದ ಮೇಲೂ ಸರ್ಜ್ ಟ್ಯಾಂಕಿನಲ್ಲಿರುವ ಲೀಟರಿನಲ್ಲಿ ಒಂದಷ್ಟು ದೂರ ಹೋಗಬಹುದು, ನಿಜ. ಆದರೆ ಪಂಪನ್ನು ತಣ್ಣಗಿಡುವುದೂ ಜಾರುವಂತೆ ಮಾಡುವುದೂ ಅದರೊಳಗೆ ಹರಿಯುವ ಪೆಟ್ರೋಲೇ. ಕೊನೆಯ ಕಾಲು ಲೀಟರ್ ಬಿಸಿಯೇರುತ್ತಾ ನೊರೆಯಾಗಿ ಸುತ್ತುತ್ತಿರುವಾಗ ಓಡಿಸುವುದೆಂದರೆ ಎಣ್ಣೆಯಿಲ್ಲದೆ ಗಾಣ ತಿರುಗಿಸಿದ ಹಾಗೆ. ಲಿಫ್ಟ್ ಪಂಪಿನ ಸದ್ದು ಬದಲಾದ ಕೂಡಲೇ ಬಂಕ್ ಹುಡುಕಿ.

ಪಾತ್ರೆಯನ್ನು ಹೊರಗಿಡುವ ಬದಲು ಮೂಲ ಟ್ಯಾಂಕಿನ ತಳದಲ್ಲೇ ಪೆಟ್ಟಿಗೆ ಬೆಸೆದು, ಒಳಗೆ ಪಂಪ್ ಇಳಿಸಿ, ರಿಟರ್ನ್ ಅದಕ್ಕೇ ಬಿಡುವುದೂ ಉಂಟು. ಕೆಲಸ ಅಚ್ಚುಕಟ್ಟು, ಸದ್ದೂ ಕಡಿಮೆ. ಅದನ್ನು ಬ್ಯಾಫಲ್ ಬಾಕ್ಸ್ ಎನ್ನಿ, ರಿಸರ್ವ್ ಎಂದು ಮಾತ್ರ ಬೇಡ. ಖಾಲಿ ಟ್ಯಾಂಕಿಗೆ ಬೆಂಕಿ ಹತ್ತುವುದಿಲ್ಲ ಎನ್ನುವ ವೆಲ್ಡರ್ ಸಿಕ್ಕರೆ ಗಾಡಿ ವಾಪಸ್ ತನ್ನಿ: ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4 ಇದ್ದರೂ ಸಿಡಿಯುತ್ತದೆ, ಬರಿದಾದ ಟ್ಯಾಂಕಿನಲ್ಲಿ ಅಷ್ಟು ಧಾರಾಳವಾಗಿ ಇರುತ್ತದೆ. ತೊಳೆದು, ಹಬೆ ಹಾಯಿಸಿ, ಆರ್ಗಾನ್ ತುಂಬಿಸಿಯೇ ಬೆಸುಗೆ.

ಪೈಪಿನ ಮೇಲಿನ ಅಕ್ಷರವನ್ನೂ ಓದಿ. ಟ್ಯಾಂಕಿನ ಹೊರಗಿನ ಇಂಜೆಕ್ಷನ್ ಪೈಪಿಗೆ ಎಸ್‌ಎಇ ಜೆ30 ಆರ್9, ಪೆಟ್ರೋಲಿನಲ್ಲಿ ಮುಳುಗಿರುವುದಕ್ಕೆ ಆರ್10. ಆರ್9 ಒಳಗಿನಿಂದ ಪೆಟ್ರೋಲ್ ತಡೆಯುತ್ತದೆ, ಹೊರಗಿನ ರಬ್ಬರ್ ಮುಳುಗಲು ಮಾಡಿದ್ದಲ್ಲ. ಮುಳುಗಿಸಿದರೆ ಮೆತ್ತಗಾಗಿ ಚೂರುಬಿಡುತ್ತದೆ, ಆ ಚೂರು ಹೋಗಿ ಕೂರುವುದು ಜಾಲರಿಯಲ್ಲಿ.