ಹಿಂದಿನ ಆಕ್ಸಲ್: ಹೊರೋದು ಬೇರೆ, ತಿರುಗಿಸೋದು ಬೇರೆ

ಎರಡು ಆಕ್ಸಲ್ ಪಕ್ಕಪಕ್ಕ ಬಿದ್ದಿದ್ದರೆ ಸಾಕು, ನೋಡಿದವರೆಲ್ಲ ಕೇಳುವುದು ಒಂದೇ. "ಸಾರ್, ಇದರಲ್ಲಿ ಯಾವುದು ಗಟ್ಟಿ?" ನಾನು ತಿರುಗಿ ಕೇಳುತ್ತೇನೆ: "ಯಾವ ಕೆಲಸಕ್ಕೆ?" ಕೆಲವರಿಗೆ ಇದು ನುಣುಚಿಕೊಳ್ಳುವ ಮಾತು ಅನ್ನಿಸುತ್ತದೆ. ಆದರೆ ಹಿಂದಿನ ಆಕ್ಸಲ್‌ಗೆ ನಿಜವಾಗಿಯೂ ಎರಡು ಕೆಲಸ ಇದೆ. ಒಂದು, ಗಾಡಿಯ ಭಾರ ಹೊರುವುದು. ಇನ್ನೊಂದು, ಚಕ್ರ ತಿರುಗಿಸುವುದು. ಒಂದರಲ್ಲಿ ಗಟ್ಟಿಯಾದದ್ದು ಇನ್ನೊಂದರಲ್ಲಿ ಸೋಲಬಹುದು.

ಮೊದಲು ನೋಡಬೇಕಾದ್ದು ಅದು ಫುಲ್ ಫ್ಲೋಟಿಂಗೋ ಸೆಮಿ ಫ್ಲೋಟಿಂಗೋ ಎಂಬುದು. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟ್‌ನ, ಅಂದರೆ ಚಕ್ರ ತಿರುಗಿಸುವ ಉಕ್ಕಿನ ಸರಳಿನ, ತುದಿಗೇ ಚಕ್ರ ಕೂತಿರುತ್ತದೆ. ಶಾಫ್ಟ್ ಚಕ್ರವನ್ನು ತಿರುಗಿಸಲೂ ಬೇಕು, ಭಾರಕ್ಕೆ ಬಾಗದೆ ನಿಲ್ಲಲೂ ಬೇಕು. ಅದು ಬೇರಿಂಗ್ ಹತ್ತಿರ ತುಂಡಾದರೆ ಚಕ್ರವೇ ಕಳಚಿ ಹೋಗಬಹುದು. ಫುಲ್ ಫ್ಲೋಟಿಂಗ್‌ನಲ್ಲಿ ಹಾಗಲ್ಲ. ಶಾಫ್ಟ್ ಸುತ್ತ ಇರುವ ಹೊರಕವಚವೇ ಹೌಸಿಂಗ್; ಅದರ ತುದಿಯ ಕೊಳವೆ, ಅಂದರೆ ಸ್ಪಿಂಡಲ್ ಮೇಲೆ ಎರಡು ಬೇರಿಂಗ್, ಅದರ ಮೇಲೆ ಹಬ್, ಹಬ್‌ಗೆ ಚಕ್ರ. ಭಾರವೆಲ್ಲ ಹೌಸಿಂಗ್ ಮೇಲೆ. ಶಾಫ್ಟ್‌ಗೆ ತಿರುಚುವ ಕೆಲಸ ಮಾತ್ರ. ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಶಾಫ್ಟ್ ತುದಿಯ ಬಿಲ್ಲೆಯ (ಫ್ಲಾಂಜ್) ಬೋಲ್ಟ್ ಬಿಚ್ಚಿ ಶಾಫ್ಟ್ ಎಳೆದು ಹೊರಗೆ ತೆಗೆಯಬಹುದು, ಗಾಡಿ ಅಲುಗಾಡುವುದಿಲ್ಲ. ಶಾಫ್ಟ್ ಮುರಿದರೂ ಚಕ್ರ ಇದ್ದಲ್ಲೇ ಇರುತ್ತದೆ, ಎಳೆದುಕೊಂಡು ಹೋಗಬಹುದು. ಗುರುತು ಹಿಡಿಯುವುದೂ ಸುಲಭ: ರಿಮ್‌ನ ನಡುವಿನಿಂದ ಹಬ್ ಮೂತಿ ಹೊರಗೆ ಚಾಚಿರುತ್ತದೆ, ಅದರ ಮುಖದ ಮೇಲೆ ಸುತ್ತಲೂ ಬೋಲ್ಟ್. ದಿನಾ ಭಾರ ಹೊರುವ ಗಾಡಿಗೆ ಸೆಮಿ ಫ್ಲೋಟಿಂಗ್ ಬೇಡ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಆಮೇಲೆ ಕ್ರೌನ್ ವೀಲ್‌ನ, ಅಂದರೆ ಆಕ್ಸಲ್ ಒಳಗೆ ಶಾಫ್ಟ್‌ಗಳನ್ನು ತಿರುಗಿಸುವ ದೊಡ್ಡ ಹಲ್ಲಿನ ಚಕ್ರದ, ಅಳತೆ. ಎಲ್ಲರೂ ಇದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ. ಡಾನಾ ಕಂಪನಿಯ ಆಕ್ಸಲ್‌ಗಳನ್ನೇ ನೋಡಿ: ಡಾನಾ 60ರಲ್ಲಿ 9.75 ಇಂಚು, ಡಾನಾ 70ರಲ್ಲಿ 10.5, ಡಾನಾ 80ರಲ್ಲಿ 11.25. ದೊಡ್ಡದಾದಷ್ಟೂ ಹಲ್ಲು ಅಗಲ, ಒತ್ತಡ ಹಂಚಿಹೋಗುತ್ತದೆ, ಸರಿ. ಆದರೆ ಒಂದೇ ಅಳತೆಯ ಕ್ರೌನ್ ವೀಲ್ ಇದ್ದರೂ ಅದನ್ನು ತಿರುಗಿಸುವ ಸಣ್ಣ ಗೇರ್, ಅಂದರೆ ಪಿನಿಯನ್ ಹಿಡಿಯುವ ರೀತಿ ಬೇರೆ ಇರುತ್ತದೆ. ಜನರಲ್ ಮೋಟರ್ಸ್‌ನ (ಜಿಎಂ) 10.5 ಇಂಚಿನ 14 ಬೋಲ್ಟ್ ಆಕ್ಸಲ್‌ನಲ್ಲಿ ಪಿನಿಯನ್‌ನ ಒಳತುದಿಗೂ ಮೂರನೇ ಬೇರಿಂಗ್ ಇದೆ. ಲೋಡ್ ಬಿದ್ದಾಗ ಪಿನಿಯನ್ ಪಕ್ಕಕ್ಕೆ ಜರುಗಲು ನೋಡುತ್ತದೆ. ಅದು ಜರುಗಿದರೆ ಹಲ್ಲಿನ ಅಂಚು ಮಾತ್ರ ತಾಗುತ್ತದೆ, ಅಂಚು ತಾಗಿದರೆ ಹಲ್ಲು ಮುರಿಯುತ್ತದೆ. ಆ ಸಣ್ಣ ಬೇರಿಂಗ್ ತಡೆಯುವುದು ಇದನ್ನೇ. ಇನ್ನು 14 ಎನ್ನುವುದು ಹಿಂದಿನ ಕವರ್‌ನ ಬೋಲ್ಟ್ ಲೆಕ್ಕ ಅಷ್ಟೆ. ಅದೇ 14 ಬೋಲ್ಟ್ ಹೆಸರಲ್ಲಿ 9.5 ಇಂಚಿನ ಸೆಮಿ ಫ್ಲೋಟಿಂಗ್ ಕೂಡ ಇದೆ. ಬೋಲ್ಟ್ ಎಣಿಸಿ ಕೊಂಡವರು ಮೋಸ ಹೋಗುವುದು ಹೀಗೆ.

ಶಾಫ್ಟ್ ವಿಚಾರಕ್ಕೆ ಬಂದರೆ ಒಂದು ಲೆಕ್ಕ ನೆನಪಿರಲಿ. ತಿರುಚುವಿಕೆಯನ್ನು ತಾಳುವ ಬಲ ವ್ಯಾಸದ ಘನದ ಪ್ರಕಾರ ಏರುತ್ತದೆ. 33 ಮಿ.ಮೀ. ಶಾಫ್ಟ್ ಬದಲು 38 ಮಿ.ಮೀ. ಹಾಕಿದರೆ ಕಣ್ಣಿಗೆ ವ್ಯತ್ಯಾಸ 5 ಮಿ.ಮೀ., ಅದೇ ಉಕ್ಕಿನಲ್ಲಿ ಬಲ ಮಾತ್ರ ಸುಮಾರು ಒಂದೂವರೆ ಪಟ್ಟು. ಅಳೆಯುವಾಗ ಶಾಫ್ಟ್‌ನ ದಪ್ಪ ಜಾಗ ಅಳೆಯಬೇಡಿ. ಎಲ್ಲಿ ಅತಿ ಸಣ್ಣ ಇದೆಯೋ ಅಲ್ಲಿ ಅಳೆಯಿರಿ. ಹೆಚ್ಚಾಗಿ ಅದು ಸ್ಪ್ಲೈನ್‌ನ, ಅಂದರೆ ಶಾಫ್ಟ್ ತುದಿಯಲ್ಲಿ ಕೊರೆದ ಉದ್ದುದ್ದ ಹಲ್ಲುಗಳ, ಬುಡ.

ಈಗ ಎಷ್ಟೋ ಡ್ರೈವರ್‌ಗಳಿಗೆ ಅರ್ಥವಾಗದ ವಿಷಯ. "ಖಾಲಿ ಇದ್ದಾಗ ಎಷ್ಟೇ ಜೋರಾಗಿ ಎತ್ತಿದರೂ ಏನೂ ಆಗಲ್ಲ, ಲೋಡ್ ಹಾಕಿ ನಿಧಾನಕ್ಕೆ ಹೊರಟರೂ ಶಾಫ್ಟ್ ಹೋಗುತ್ತೆ, ಯಾಕೆ ಸಾರ್?" ಎಂಜಿನ್ 500 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ ಅಂದುಕೊಳ್ಳಿ. ಫಸ್ಟ್ ಗೇರ್ 6, ಆಕ್ಸಲ್ ರೇಶಿಯೋ (ಕ್ರೌನ್ ವೀಲ್ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) 4. ಗುಣಿಸಿದರೆ ಚಕ್ರಗಳ ಹತ್ತಿರ 12,000. ಹಿಂದಿನ ಆಕ್ಸಲ್ ಮೇಲೆ 3,000 ಕೆಜಿ ಇದ್ದು, ಟೈರಿನ ತ್ರಿಜ್ಯ 0.4 ಮೀಟರ್, ಒಣ ರಸ್ತೆಯ ಹಿಡಿತ 0.8 ಎಂದಾದರೆ ಟೈರ್ ತಡೆದುಕೊಳ್ಳುವುದು ಸುಮಾರು 9,400 ಮಾತ್ರ. ಅದಕ್ಕಿಂತ ಜಾಸ್ತಿಯಾದರೆ ಚಕ್ರ ಜಾರಿಬಿಡುತ್ತದೆ. ಶಾಫ್ಟ್ ಬಚಾವು. ಅದೇ 6,000 ಕೆಜಿ ಹಾಕಿ ನೋಡಿ. ಟೈರ್ ಜಾರುವುದೇ ಇಲ್ಲ, ಪೂರ್ತಿ 12,000 ಆಕ್ಸಲ್ ಮೇಲೆ ಬೀಳುತ್ತದೆ. ಹಾಗಂತ ಖಾಲಿ ಗಾಡಿಗೆ ಅಪಾಯವಿಲ್ಲ ಎಂದಲ್ಲ. ಕೆಸರಲ್ಲಿ ಗಿರಗಿರ ತಿರುಗುತ್ತಿದ್ದ ಚಕ್ರ ಥಟ್ಟನೆ ಕಲ್ಲು ಹಿಡಿದರೆ ಆ ಹೊಡೆತಕ್ಕೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಎಳೆಯುವ ಬಲ ಬೇಕೆಂದು ರೇಶಿಯೋ ಏರಿಸುವವರಿಗೆ ಒಂದು ಮಾತು. ಕ್ರೌನ್ ವೀಲ್ ಅಷ್ಟೇ ಇದ್ದು ರೇಶಿಯೋ ಏರಬೇಕಾದರೆ ಪಿನಿಯನ್ ಚಿಕ್ಕದಾಗಬೇಕು. ಅದೇ ಹೆಸರಿನ ಆಕ್ಸಲ್, ಒಳಗಿನ ಪಿನಿಯನ್ ಮಾತ್ರ ಬಡವಾಯಿತು.

ಸ್ಟಿಕ್ಕರ್‌ನಲ್ಲಿ ಬರೆದಿರುವ ಆಕ್ಸಲ್ ತೂಕವನ್ನೂ ಸುಮ್ನೆ ನಂಬಿ ಹೋಲಿಸಬೇಡಿ. ಗಾಡಿ ತಯಾರಿಸಿದವರು ಸ್ಪ್ರಿಂಗ್, ಟೈರ್, ರಿಮ್, ಆಕ್ಸಲ್ ಇಷ್ಟರಲ್ಲಿ ಯಾವುದು ಕಡಿಮೆ ಹೊರುತ್ತದೋ ಅದಕ್ಕೆ ತಕ್ಕಂತೆ ಆ ಸಂಖ್ಯೆ ಬರೆಯುತ್ತಾರೆ. ಎರಡು ಗಾಡಿಗೆ ಒಂದೇ ಆಕ್ಸಲ್ ಇದ್ದು ಸಂಖ್ಯೆ ಬೇರೆ ಇರಬಹುದು. ಟೈರ್ ಬದಲಾಗಿದೆ, ಅಷ್ಟೇ.

ಒಬ್ಬರು ಮುರಿದ ಎರಡು ಶಾಫ್ಟ್ ಹಿಡಿದುಕೊಂಡು ಬಂದಿದ್ದರು. ಇನ್ನೂ ದೊಡ್ಡ ಆಕ್ಸಲ್ ಹಾಕಿಕೊಡಿ ಅಂತ ಹಟ. ನಾನು ಮುರಿದ ಮುಖ ಒರೆಸಿ ನೋಡಿದೆ. ಒಂದೇ ಏಟಿಗೆ ತಿರುಚಿ ಹೋದ ಶಾಫ್ಟ್ ಗುರುತು ಬೇರೆ: ಮೆದು ಉಕ್ಕಾದರೆ ಅಡ್ಡಕ್ಕೆ ಚಪ್ಪಟೆಯಾಗಿ, ಗಡುಸು ಉಕ್ಕಾದರೆ 45 ಡಿಗ್ರಿ ಓರೆಯಾಗಿ ಸುರುಳಿಯಂತೆ ಒಡೆದಿರುತ್ತದೆ. ಇವೆರಡರಲ್ಲೂ ಅದಿರಲಿಲ್ಲ. ಅಂಚಿನಿಂದ ಒಳಗೆ ಮರಳ ಮೇಲಿನ ಅಲೆಯಂಥ ಗೆರೆಗಳು. ಅಂದರೆ ಶಾಫ್ಟ್ ಮತ್ತೆ ಮತ್ತೆ ಬಾಗಿ, ಬಿರುಕು ಎಷ್ಟೋ ದಿನದಿಂದ ಸ್ವಲ್ಪಸ್ವಲ್ಪವೇ ಬೆಳೆದಿತ್ತು. ಅವರದು ಫುಲ್ ಫ್ಲೋಟಿಂಗ್. ಅದರ ಶಾಫ್ಟ್‌ಗೆ ಬಾಗುವ ಕೆಲಸವೇ ಇಲ್ಲವಲ್ಲ, ಹಾಗಾದರೆ ಬಾಗಿಸಿದ್ದು ಯಾರು?

ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ಹಿಂದಿನ ಎರಡು ರಿಮ್‌ಗಳ ನಡುವಿನ ಅಂತರ ಮೇಲೂ ಕೆಳಗೂ ಅಳೆದೆ. ಮೇಲಿನ ಅಂತರ ಕಡಿಮೆ. ಹೌಸಿಂಗ್ ನಡುವೆ ಜೋತುಬಿದ್ದು ಚಕ್ರಗಳ ತಲೆ ಒಳಕ್ಕೆ ವಾಲಿತ್ತು. ಪ್ರತಿ ಸುತ್ತಿಗೂ ಶಾಫ್ಟ್ ಚೂರು ಬಾಗಿ ನೆಟ್ಟಗಾಗುತ್ತಿತ್ತು, ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಹೌಸಿಂಗ್ ಬಾಗಲು ಕಾರಣ ಓವರ್‌ಲೋಡ್ ಜೊತೆಗೆ ಅವರು ಇಷ್ಟಪಟ್ಟು ಹಾಕಿಸಿದ್ದ ರಿಮ್. ಅದು ಚಕ್ರವನ್ನು ಹೊರಕ್ಕೆ ತಳ್ಳುವ ರಿಮ್. ಚಕ್ರ ಹೊರಕ್ಕೆ ಹೋದಷ್ಟೂ ಹೌಸಿಂಗ್‌ಗೂ ಹೊರಗಿನ ಬೇರಿಂಗ್‌ಗೂ ಹೊರೆ ಜಾಸ್ತಿ.

ಅದೇ ಅಳತೆಯ ನೆಟ್ಟಗಿನ ಹೌಸಿಂಗ್ ಹಾಕಿ, ಅದೇ ಅಳತೆಯ ಹೊಸ ಶಾಫ್ಟ್ ಕೂರಿಸಿ ಕಳಿಸಿದೆ. ಹಳೆಯ ರಿಮ್‌ಗೆ ವಾಪಸ್ ಹೋಗಲು ಮಾತ್ರ ಅವರು ಒಂದು ವಾರ ಯೋಚನೆ ಮಾಡಿದರು. ಆ ರಿಮ್ ನೋಡೋಕೆ ಚೆನ್ನಾಗಿತ್ತು, ಅದು ನಿಜ.