ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿದೆಯಾ?

ರಾತ್ರಿ ಹನ್ನೊಂದೂವರೆಗೆ ನನ್ನ ಫೋನ್ ಹೊಡೆದುಕೊಂಡರೆ ಅದು ಜರ್ಮನಿಯಿಂದ ಅಂತ ನಮ್ಮ ಮನೆಯವರಿಗೂ ಗೊತ್ತು. ಅಲ್ಲಿ ಆಗ ಸಂಜೆ. ಆಫೀಸು ಮುಗಿಸಿ ಬಂದು, ಮಕ್ಕಳಿಗೆ ಊಟ ಮಾಡಿಸಿ, ಗಂಡ ಹೆಂಡತಿ ಪಕ್ಕಪಕ್ಕ ಕೂತು ಸ್ಪೀಕರ್ ಹಾಕಿ ಮಾತಾಡುತ್ತಾರೆ. 'ಅಕ್ಕಾ, ಟ್ಯಾಕ್ಸ್ ನಂಬರಿನ ಲೆಟರ್ ಇನ್ನೂ ಬಂದಿಲ್ಲ. ಐದು ವಾರ ಆಯ್ತು. ಸಂಬಳದಲ್ಲಿ ಹತ್ತಿರಹತ್ತಿರ ಅರ್ಧ ಕಟ್ ಆಗಿದೆ.'

ನಾನು ಬೇರೆ ಏನೂ ಕೇಳುವುದಿಲ್ಲ. 'ಕೆಳಗೆ ಹೋಗಿ ಅಂಚೆ ಡಬ್ಬಿಯ ಫೋಟೋ ತೆಗೆದು ಕಳಿಸಿ' ಅನ್ನುತ್ತೇನೆ. ಐದು ನಿಮಿಷಕ್ಕೆ ಫೋಟೋ ಬರುತ್ತದೆ. ಬೂದು ಬಣ್ಣದ ಹತ್ತು ಹನ್ನೆರಡು ಡಬ್ಬಿಗಳ ಸಾಲು. ಇವರದರ ಮೇಲೆ ಯಾರೋ ಹಳೇ ಬಾಡಿಗೆದಾರನ ಹೆಸರು, ಇಲ್ಲವೇ ಖಾಲಿ.

ಎಷ್ಟು ಸಲ ಹೇಳಬೇಕು ಹೇಳಿ!

ನಾನು ಪುಣೆಯ ಬಾಣೇರ್‌ನಲ್ಲಿ ಕೂತು ಜರ್ಮನಿಗೆ ಹೋಗುವ ಕುಟುಂಬಗಳಿಗೆ ದಾರಿ ತೋರಿಸುವ ಕೆಲಸ ಮಾಡುತ್ತೇನೆ. ಹಿಂಜವಡಿಯ ಐಟಿಯವರು, ಚಾಕಣ್‌ನ ಕಾರ್ ಕಾರ್ಖಾನೆಗಳ ಎಂಜಿನಿಯರುಗಳು. ಅದರಲ್ಲಿ ನಮ್ಮವರೂ ಸಾಕಷ್ಟು ಜನ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಯಿಂದ ಪುಣೆಗೆ ಬಂದು, ಇಲ್ಲಿ ಎರಡು ಕೋಣೆಯ ಮನೆ ಮಾಡಿ, ಈಗ ಇನ್ನೊಂದು ಹಾರಿಕೆ ಹಾರುವವರು. ವೀಸಾ ವಿಷಯದಲ್ಲಿ ಅವರು ನನಗಿಂತ ಜಾಸ್ತಿ ಓದಿಕೊಂಡಿರುತ್ತಾರೆ, ಅದರ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಕುಕ್ಕರ್ ಬಗ್ಗೆಯೂ ಬರೆಯುವುದಿಲ್ಲ. (ಒಯ್ಯಿರಿ. ಮಿಕ್ಸಿಯನ್ನೂ ಒಯ್ಯಿರಿ, ಅಲ್ಲೂ 230 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಭಾನುವಾರ ಬೆಳಿಗ್ಗೆ ಆರಕ್ಕೆ ಚಟ್ನಿ ರುಬ್ಬಬೇಡಿ.)

ನನ್ನ ತಲೆ ತಿನ್ನುತ್ತಿರುವುದು ಈ ಡಬ್ಬಿ ಒಂದೇ.

ನಮ್ಮ ವಿಳಾಸ ಹೇಗಿರುತ್ತದೆ ನೋಡಿ. ಫ್ಲ್ಯಾಟ್ ನಂಬರ್ 304, ಬಿ ವಿಂಗ್, ಸೊಸೈಟಿಯ ಹೆಸರು, ಯಾವುದೋ ಹೋಟೆಲಿನ ಹಿಂದೆ, ವಾಕಡ್. ಹೆಸರು ತಪ್ಪಾಗಿದ್ದರೂ 304 ಅಂತ ಇದ್ದರೆ ಬರಬೇಕಾದ್ದು ಬರುತ್ತದೆ. ನಂಬರೂ ತಪ್ಪಿದ್ದರೆ ಗೇಟಿನಲ್ಲಿ ವಾಚ್‌ಮನ್ ಇದ್ದಾನೆ. 'ಓ, ಕರ್ನಾಟಕವಾಲೇ? ತಿಸರಾ ಮಜಲಾ' ಅಂತ ಅವನೇ ಮೇಲೆ ಕಳಿಸುತ್ತಾನೆ. ಜರ್ಮನಿಯ ವಿಳಾಸದಲ್ಲಿ ಬೀದಿಯ ಹೆಸರು, ಕಟ್ಟಡದ ನಂಬರ್, ಪಿನ್ ಕೋಡ್, ಊರು, ಇಷ್ಟೇ. ಫ್ಲ್ಯಾಟ್ ನಂಬರ್ ಸಾಮಾನ್ಯವಾಗಿ ಇರುವುದೇ ಇಲ್ಲ. ಒಂದೇ ಕಟ್ಟಡದಲ್ಲಿ ಹದಿನಾರು ಮನೆ ಇದ್ದರೂ ಹದಿನಾರಕ್ಕೂ ಅದೇ ವಿಳಾಸ. ಹಾಗಾದರೆ ಅಂಚೆಯವಳು ಯಾವ ಡಬ್ಬಿಗೆ ಹಾಕಬೇಕು? ಲಕೋಟೆಯ ಮೇಲಿನ ಹೆಸರು ನೋಡುತ್ತಾಳೆ, ಡಬ್ಬಿಯ ಮೇಲಿನ ಹೆಸರು ನೋಡುತ್ತಾಳೆ. ಎರಡೂ ಕೂಡಿದರೆ ಹಾಕುತ್ತಾಳೆ, ಕೂಡದಿದ್ದರೆ ವಾಪಸ್ ಒಯ್ಯುತ್ತಾಳೆ. ವಾಚ್‌ಮನ್ ಇಲ್ಲ. ಕೇಳುವುದಕ್ಕೂ ಯಾರೂ ಇಲ್ಲ. ಅಲ್ಲಿ ನಿಮ್ಮ ಹೆಸರೇ ನಿಮ್ಮ ಫ್ಲ್ಯಾಟ್ ನಂಬರ್. ಇದನ್ನು ನಾನು ಮೀಟಿಂಗಿನಲ್ಲಿ ಮೂರು ಸಲ ಹೇಳುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ತೊಗರಿಬೇಳೆ ಅಲ್ಲಿ ಸಿಗುತ್ತಾ ಅಂತ ಕೇಳುತ್ತಾರೆ.

ಒಂದು ಕಾಗದ ತಪ್ಪಿದರೆ ಏನು ಮಹಾ ಅನ್ನಿಸಬಹುದು. ಇಮೇಲ್ ಕಾಲ ಅಲ್ವಾ ಇದು? ಜರ್ಮನಿಯಲ್ಲಿ ಅಲ್ಲ.

ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ 'ನಾವು ಇಲ್ಲಿದ್ದೇವೆ' ಅಂತ ಬರೆಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಮನೆ ಮಾಲೀಕರ ಸಹಿ ಇರುವ ಒಂದು ಫಾರ್ಮ್ ಬೇಕು, 2015ರ ನವೆಂಬರ್‌ನಿಂದ ಅದು ಕಡ್ಡಾಯ. (ಹೋಟೆಲಿನಲ್ಲೋ ಕೆಲವು ಸರ್ವಿಸ್ ಅಪಾರ್ಟ್‌ಮೆಂಟುಗಳಲ್ಲೋ ಈ ಫಾರ್ಮ್ ಕೊಡುವುದಿಲ್ಲ, ಬುಕ್ ಮಾಡುವ ಮುಂಚೆ ಕೇಳಿಕೊಳ್ಳಿ.) ಇದನ್ನು ಎಲ್ಲರೂ ಸರಿಯಾಗೇ ಮಾಡುತ್ತಾರೆ, ಫೋಟೋ ಕೂಡ ಹಾಕುತ್ತಾರೆ. ಆಮೇಲೆ ಶುರು. ಹೊಸದಾಗಿ ಬಂದವರು ಬರೆಸಿದ ಮೇಲೆ ಕೇಂದ್ರ ತೆರಿಗೆ ಕಚೇರಿಯಿಂದ ಮನೆಯ ಪ್ರತಿಯೊಬ್ಬರಿಗೂ, ತೊಟ್ಟಿಲಲ್ಲಿರುವ ಕೂಸಿಗೂ, 11 ಅಂಕಿಯ ಒಂದು ಟ್ಯಾಕ್ಸ್ ನಂಬರ್ ಬರುತ್ತದೆ. ಬರುವುದು ಅಂಚೆಯಲ್ಲೇ. ಫೋನ್ ಮಾಡಿದರೆ ಹೇಳುವುದಿಲ್ಲ, ಇಮೇಲಿನಲ್ಲೂ ಕೊಡುವುದಿಲ್ಲ. ಕಳೆದುಹೋಯಿತು ಅಂತ ಆನ್‌ಲೈನಿನಲ್ಲಿ ಮತ್ತೆ ಅರ್ಜಿ ಹಾಕಬಹುದು, ಹಾಕಿದರೆ ಮತ್ತೆ ಅಂಚೆಯಲ್ಲೇ ಕಳಿಸುತ್ತಾರೆ. ಅದೇ ವಿಳಾಸಕ್ಕೆ. ಹೆಸರಿಲ್ಲದ ಅದೇ ಡಬ್ಬಿಗೆ!

ಆ ನಂಬರ್ ಕೈಗೆ ಬಾರದಿದ್ದರೆ ಕಂಪನಿಯವರು ನಿಮ್ಮನ್ನು ಆರನೇ ಟ್ಯಾಕ್ಸ್ ವರ್ಗಕ್ಕೆ ಹಾಕಬಹುದು. ಅದು ಎಲ್ಲಕ್ಕಿಂತ ಜಾಸ್ತಿ ಕಡಿತದ ವರ್ಗ. ಕೆಲವು ಕಂಪನಿಗಳು ಸ್ವಲ್ಪ ದಿನ ತಡೆದುಕೊಳ್ಳುತ್ತವೆ, ಕೆಲವು ಇಲ್ಲ, ನಿಮ್ಮ ಎಚ್‌ಆರ್ ಅವರನ್ನೇ ಕೇಳಿ. ಜಾಸ್ತಿ ಹೋದ ಹಣ ಆಮೇಲೆ ವಾಪಸ್ ಬರುತ್ತದೆ, ಹೆದರಬೇಡಿ. ಆದರೆ ಯಾವ ತಿಂಗಳಲ್ಲಿ ಹೀಗಾಗುವುದು ನೋಡಿ. ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಕಟ್ಟಿರುತ್ತೀರಿ. ಮನೆಯಲ್ಲಿ ಅಡುಗೆ ಕಟ್ಟೆಯೂ ಇರುವುದಿಲ್ಲ, ಸಿಂಕು ಒಲೆ ಎಲ್ಲ ನೀವೇ ಕೊಂಡು ಕೂರಿಸಬೇಕಾದ ಮನೆಗಳು ಅಲ್ಲಿ ಬಹಳ. ಮಗುವಿಗೆ ಚಳಿಯ ಕೋಟು ಬೇಕು. ಸರಿಯಾಗಿ ಆಗ ಸಂಬಳ ಸೊರಗುತ್ತದೆ. ಬ್ಯಾಂಕ್ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ. ಆರೋಗ್ಯ ವಿಮೆಯ ಕಾರ್ಡೂ ಅಂಚೆಯಲ್ಲೇ. ಮಕ್ಕಳ ಭತ್ಯೆಗೆ ಅರ್ಜಿ ಹಾಕಬೇಕೆಂದರೆ ಮಗುವಿನ ಆ 11 ಅಂಕಿ ಬೇಕು. 2025ರಲ್ಲಿ ಆ ಭತ್ಯೆ ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು, ಸಣ್ಣ ದುಡ್ಡಲ್ಲ.

ಇನ್ನು ನಮ್ಮವರದೇ ಒಂದು ಕಥೆ ಇದೆ. ಮರಾಠಿ ಕುಟುಂಬ ಹೋದರೆ ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಸಾಮಾನ್ಯವಾಗಿ ಒಂದೇ ಅಡ್ಡಹೆಸರು, ಒಂದು ಚೀಟಿ ಹಚ್ಚಿದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲವಲ್ಲ. ಸುಮ್ನೆ ಒಂದು ಉದಾಹರಣೆಗೆ, ಶಿವಪ್ಪನವರ ಮಗ ಮಂಜುನಾಥ ಅಂತ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು, ಶಿವಪ್ಪ. ಹೆಂಡತಿ ರೂಪಾ, ಅವರ ಸರ್‌ನೇಮ್ ಅವರಪ್ಪನ ಹೆಸರು, ವೀರಭದ್ರಪ್ಪ. ಮಕ್ಕಳಿಗೆ ಸರ್‌ನೇಮ್ ಮಂಜುನಾಥ. ನಾಲ್ಕು ಜನ, ಮೂರು ಮನೆತನ! ಕಚೇರಿಯಲ್ಲಿ ಕೂತ ಜರ್ಮನ್ ಹೆಂಗಸು ಮೂರು ಸಲ ಪಾಸ್‌ಪೋರ್ಟು ತಿರುವಿ ನೋಡಿ, ಮದುವೆ ಸರ್ಟಿಫಿಕೇಟು ನೋಡಿ, ಕೊನೆಗೆ ನಕ್ಕು ಬರೆದುಕೊಳ್ಳುತ್ತಾಳೆ. ಇವರು ಮನೆಗೆ ಬಂದು ಡಬ್ಬಿಯ ಮೇಲೆ 'ಮಂಜುನಾಥ' ಅಂತ ಮಾತ್ರ ಹಚ್ಚುತ್ತಾರೆ. ಆಫೀಸಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಾರಲ್ಲ. ಲಕೋಟೆಯ ಮೇಲೆ ಮಂಜುನಾಥ ಅಂತಲೂ ಇರುವುದರಿಂದ ಅವರ ಕಾಗದ ಹೇಗೋ ಬಂದುಬಿಡುತ್ತದೆ, ರೂಪಾ ವೀರಭದ್ರಪ್ಪ ಅವರದು ಮಾತ್ರ ವಾಪಸ್ ಹೋಗುತ್ತದೆ. ಆರು ವಾರ ಕಳೆದ ಮೇಲೆ ಗಂಡ ನನಗೆ ಫೋನ್ ಮಾಡಿ 'ನಂದೆಲ್ಲಾ ಬಂದಿದೆ ಮೇಡಂ, ಇವಳದೇ ಏನೋ ಪ್ರಾಬ್ಲಂ' ಅನ್ನುತ್ತಾರೆ. ಅವಳದೇನೂ ಪ್ರಾಬ್ಲಂ ಇಲ್ಲ ಸ್ವಾಮಿ. ಅವಳ ಹೆಸರು ಬರೆಯಲು ನೀವು ಮರೆತಿದ್ದೀರಿ.

ವೀರಭದ್ರಪ್ಪ ಅಂತ ಇಂಗ್ಲಿಷಿನಲ್ಲಿ ಬರೆದರೆ 14 ಅಕ್ಷರ. ಡಬ್ಬಿಯ ಮೇಲಿನ ಜಾಗ ಒಂದು ಬೆರಳು ಉದ್ದ, ಅರ್ಧ ಬೆರಳು ಅಗಲ. ಸಣ್ಣಗೆ ಬರೆಯಿರಿ, ಎರಡು ಸಾಲು ಮಾಡಿ, ಆದರೆ ಮೂರೂ ಹೆಸರು ಇರಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಅದೇ ಸ್ಪೆಲ್ಲಿಂಗಿನಲ್ಲಿ. ಕೆಳಬಾಗಿಲ ಬೆಲ್ಲಿನ ಪಕ್ಕದಲ್ಲೂ ಹೆಸರು ಬೇಕು, ಇಲ್ಲದಿದ್ದರೆ ಪಾರ್ಸೆಲ್ ತಂದವನು ಯಾವ ಗುಂಡಿ ಒತ್ತುತ್ತಾನೆ?

'ಓನರ್ ಹಾಕಿಸಿ ಕೊಡ್ತಾರಂತೆ' ಅನ್ನುತ್ತಾರೆ ಕೆಲವರು. ಹೌದು, ಕಟ್ಟಡ ನೋಡಿಕೊಳ್ಳುವವರು ಎಲ್ಲರಿಗೂ ಒಂದೇ ಥರದ ಚಂದದ ಹೆಸರುಪಟ್ಟಿ ಮಾಡಿಸುವುದುಂಟು. ಅದಕ್ಕೆ ಮೂರು ವಾರ ಹಿಡಿಯಬಹುದು. ಅಲ್ಲಿವರೆಗೆ ಅವರಿಗೊಂದು ಮಾತು ಹೇಳಿ ಒಂದು ಚೀಟಿ ಹಚ್ಚಿ. ನಾನು ನೋಡಿದಂತೆ ಯಾರೂ ಬೇಡ ಅಂದಿಲ್ಲ.

'ಹೆಸರು ಹಾಕಿದರೆ ಪ್ರೈವಸಿ ಹೋಗುತ್ತಲ್ಲಾ' ಅನ್ನುವವರೂ ಇದ್ದಾರೆ. 2018ರಲ್ಲಿ ಯುರೋಪಿನ ಹೊಸ ಡೇಟಾ ನಿಯಮ ಬಂದಾಗ ವಿಯೆನ್ನಾದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಸುಮಾರು 2.2 ಲಕ್ಷ ಮನೆಗಳ ಬೆಲ್ಲಿನಿಂದ ಹೆಸರು ತೆಗೆಯುವ ತೀರ್ಮಾನ ಆಯಿತು. ಜರ್ಮನಿಯಲ್ಲೂ ಆಗ ಗಲಾಟೆಯೋ ಗಲಾಟೆ. ಆದರೆ ವಿಯೆನ್ನಾದಲ್ಲಿ ಬಾಗಿಲಿಗೆ ನಂಬರ್ ಇದೆ, ವಿಳಾಸದಲ್ಲೇ ಅದನ್ನು ಬರೆಯುತ್ತಾರೆ. ನೀವು ಹೋಗುತ್ತಿರುವುದು ಮ್ಯೂನಿಕ್‌ಗೆ.

ನನಗೆ ಇದರಲ್ಲಿ ನಗು ಬರುವುದು ಯಾಕೆ ಅಂದರೆ, ಇವರು ಹೋಗುವುದು ಪುಣೆಯಿಂದ. ಬಾಗಿಲಿಗೆ ಪಾಟಿ, ಅಂದರೆ ಸೂಚನೆಯ ಫಲಕ, ಹಚ್ಚುವುದರಲ್ಲಿ ಪುಣೆಯನ್ನು ಮೀರಿಸಿದ ಊರು ಉಂಟೇ? ಸದಾಶಿವ ಪೇಟೆಯಲ್ಲಿ ಒಂದು ಸುತ್ತು ಹಾಕಿ. ಮಧ್ಯಾಹ್ನ ಒಂದರಿಂದ ನಾಲ್ಕು ಬೆಲ್ ಒತ್ತಬೇಡಿ, ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯುತ್ತೇವೆ, ಮೇಲಿನ ಮನೆಯವರ ವಿಚಾರ ನಮ್ಮನ್ನು ಕೇಳಬೇಡಿ. ಜರ್ಮನ್ ಮೆಟ್ಟಿಲ ಹತ್ತಿರವೂ ಥೇಟ್ ಇಂಥವೇ ಚೀಟಿಗಳಿರುತ್ತವೆ. ರಾತ್ರಿ ಹತ್ತರ ಮೇಲೆ ಸದ್ದು ಬೇಡ, ಇಲ್ಲಿ ಸೈಕಲ್ ಬೇಡ, ಹಸಿ ಕಸದ ಕಂದು ಡಬ್ಬಿಗೆ ಪ್ಲಾಸ್ಟಿಕ್ ಬೇಡ. ಪುಣೆಯವರಿಗೆ ತವರಿಗೆ ಹೋದ ಹಾಗೆ ಅನ್ನಿಸಬೇಕು. ಹೆಸರೊಂದನ್ನು ಮಾತ್ರ ಮರೆಯುತ್ತಾರೆ.

ನಾನು ಬೈಯುವುದಕ್ಕೂ ಒಂದು ಅರ್ಹತೆ ಇದೆ. 2008ರಲ್ಲಿ ನಾವು ಸ್ಟುಟ್‌ಗಾರ್ಟ್‌ಗೆ ಹೋದಾಗ ನಾನೂ ಇದೇ ತಪ್ಪು ಮಾಡಿದ್ದೆ. ಶನಿವಾರ ಸಂಜೆ ಇಳಿದೆವು. ಭಾನುವಾರ ಅಂಗಡಿಗಳೆಲ್ಲ ಬಂದ್ ಅಂತ ಗೊತ್ತಿರಲಿಲ್ಲ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ಎರಡು ದಿನ ಕಳೆದೆವು. ಮೂರನೇ ವಾರಕ್ಕೂ ಒಂದು ಕಾಗದ ಇಲ್ಲ. ಕೆಳಗಿನ ಮನೆಯ ಅಜ್ಜಿ ದಿನಾ ನಮ್ಮ ಡಬ್ಬಿ ನೋಡುತ್ತಿದ್ದಳಂತೆ. ಒಂದು ದಿನ ಕತ್ತರಿ, ಟೇಪು ಹಿಡಿದು ಮೇಲೆ ಬಂದಳು. ನನಗೆ ಜರ್ಮನ್ ಬಾರದು, ಅವಳಿಗೆ ಇಂಗ್ಲಿಷ್ ಬಾರದು. ನಮ್ಮ ಪಾರ್ಲೆ-ಜಿ ಪೊಟ್ಟಣ ಟೇಬಲ್ಲಿನ ಮೇಲಿತ್ತು. ಅದರ ಕವರಿನ ಒಳಮೈ ಕತ್ತರಿಸಿ, ಪೆನ್ನು ನನ್ನ ಕೈಗೆ ಕೊಟ್ಟು, ಬೆರಳಿನಿಂದ ನನ್ನ ಎದೆ ಮುಟ್ಟಿದಳು. ಆಮೇಲೆ ಗಂಡನ ಕಡೆ ತೋರಿಸಿದಳು. ಎರಡು ಹೆಸರು ಬರೆದೆ. ಅವಳೇ ಕೆಳಗಿಳಿದು ಹಚ್ಚಿದಳು, ಸೊಟ್ಟಗಾಯಿತು ಅಂತ ಕಿತ್ತು ಮತ್ತೆ ಹಚ್ಚಿದಳು. ಅದೇ ವಾರ ನಾಲ್ಕು ಕಾಗದ ಬಂದವು.

ಬಂದ ಕಾಗದವನ್ನೆಲ್ಲ ಓದಿ, ಅದೂ ಹೇಳಬೇಕಾಗಿದೆ. ರೇಡಿಯೋ ಟಿವಿ ಶುಲ್ಕದ ಕಾಗದ ಬರುತ್ತದೆ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಕೊಡಬೇಕು. ಹೆಸರು ಬೇರೆಬೇರೆ ಇರುವ ನಮ್ಮ ಮನೆಗಳಲ್ಲಿ ಗಂಡನಿಗೊಂದು, ಹೆಂಡತಿಗೊಂದು ಬರಬಹುದು. ಎರಡು ಸಲ ಕಟ್ಟಬೇಡಿ. ಕಸಕ್ಕೂ ಹಾಕಬೇಡಿ. ಒಬ್ಬರು ಕಟ್ಟಿ, ಇನ್ನೊಬ್ಬರು ಕಟ್ಟುವವರ ಕಾಗದದಲ್ಲಿರುವ ಶುಲ್ಕದ ನಂಬರ್ ಬರೆದು ಉತ್ತರ ಕೊಟ್ಟರೆ ಆಯಿತು. ಹಳದಿ ಲಕೋಟೆ (ಕೋರ್ಟಿನದೋ ಸರ್ಕಾರಿ ಕಚೇರಿಯದೋ ನೋಟಿಸು) ಬಂದರೆ ಅದೇ ದಿನ ಒಡೆಯಿರಿ. ಡಬ್ಬಿಗೆ ಹಾಕಿದ ತಾರೀಖನ್ನು ಅಂಚೆಯವರು ಅದರ ಮೇಲೆ ಬರೆದಿರುತ್ತಾರೆ, ಗಡುವು ಅಲ್ಲಿಂದಲೇ ಎಣಿಕೆ. ಅರ್ಥ ಆಗದಿದ್ದರೆ ತಿಳಿದವರಿಗೆ ತೋರಿಸಿ. ನನಗಲ್ಲ, ನಾನು ವಕೀಲಳಲ್ಲ. ಮಕ್ಕಳ ಲಸಿಕೆ ಪುಸ್ತಕ ಕೈಚೀಲದಲ್ಲಿರಲಿ, 2020ರ ಮಾರ್ಚ್‌ನಿಂದ ದಡಾರದ ಲಸಿಕೆಯ ದಾಖಲೆ ಶಾಲೆ, ಬಾಲವಾಡಿ ಎರಡಕ್ಕೂ ಬೇಕು. ಊರಿಂದ ಊರಿಗೆ ಪದ್ಧತಿ ಬೇರೆ ಇರುತ್ತದೆ, ಹೋದಮೇಲೆ ಒಮ್ಮೆ ಅಲ್ಲೇ ಕೇಳಿ.

ಈಗ ಒಂದು ಹೊಸ ಕ್ರಮ ಮಾಡಿದ್ದೇನೆ. ಕೊನೆಯ ಮೀಟಿಂಗಿನ ದಿನ ಎಲ್ಲರ ಹೆಸರು ಪ್ರಿಂಟ್ ಹಾಕಿದ ನಾಲ್ಕು ಪಟ್ಟಿ, ಜೊತೆಗೆ ಒಂದು ಸಣ್ಣ ಟೇಪಿನ ಸುರುಳಿ ಲಕೋಟೆಯಲ್ಲಿಟ್ಟು ಕೊಡುತ್ತೇನೆ. ಕೆಲವರು ನಗುತ್ತಾರೆ. ಫೀಸು ತಗೊಂಡು ಟೇಪು ಕೊಡ್ತೀರಲ್ಲ ಅಂತಾರೆ. ಹೋದ ತಿಂಗಳು ಹೋದ ಒಂದು ಕುಟುಂಬ ಆ ಲಕೋಟೆಯನ್ನು ಸೂಟ್‌ಕೇಸಿನಲ್ಲಿ ಇಟ್ಟಿತ್ತು. ಸೂಟ್‌ಕೇಸು ಬರಲೇ ಇಲ್ಲ. ಆ ತಾಯಿ ಕೆಳಗೆ ಡಬ್ಬಿಯ ಹತ್ತಿರ ನಿಂತೇ ಬೋರ್ಡಿಂಗ್ ಪಾಸಿನ ಬೆನ್ನಿಗೆ ಮಗನ ಕೈಯಲ್ಲಿ ಹೆಸರು ಬರೆಸಿ, ಮೊಣಕಾಲು ತರಚಿದ್ದಕ್ಕೆ ತಂದಿದ್ದ ಬ್ಯಾಂಡೇಜ್ ಪಟ್ಟಿಯಿಂದ ಹಚ್ಚಿ ನನಗೆ ಫೋಟೋ ಕಳಿಸಿದರು. ಮೂರೂ ಹೆಸರು ಇದ್ದವು. ತಾತನ ಹೆಸರಿನಲ್ಲಿ ಹುಡುಗ ಒಂದು 'ಪಿ' ಬಿಟ್ಟಿದ್ದ.

ಪೆನ್ನು ಕೊಡಿ ಅವನಿಗೆ, ನಡುವೆ ತುರುಕಲಿ, ಅಂದೆ.