ಹಳೇ ಲ್ಯಾಪ್‌ಟಾಪ್ ಓವರ್‌ಕ್ಲಾಕ್ ಮಾಡುವ ಮೊದಲು ಈಗಿನ ವೇಗ ನೋಡಿ

"ಸರ್, ಇದನ್ನ ಓವರ್‌ಕ್ಲಾಕ್ ಮಾಡಿಕೊಡ್ತೀರಾ?" ಎಂದು ಹತ್ತು ಹನ್ನೆರಡು ವರ್ಷದ ಲ್ಯಾಪ್‌ಟಾಪ್ ಹಿಡಿದು ಬರುವವರು ಈಗಲೂ ಇದ್ದಾರೆ. ಓವರ್‌ಕ್ಲಾಕ್ ಎಂದರೆ ಪ್ರೊಸೆಸರ್ ಅನ್ನು, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪನ್ನು, ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ಕೇಳುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಅಣ್ಣನೋ ಅಕ್ಕನೋ ಬಳಸಿ ಬಿಟ್ಟದ್ದು ಕೈಗೆ ಬಂದಿರುತ್ತದೆ. ಹೊಸದಕ್ಕೆ ಮನೆಯಲ್ಲಿ ದುಡ್ಡು ಕೇಳಲು ಸಂಕೋಚ. ಅವರ ಆಸೆ ನನಗೆ ಅರ್ಥವಾಗುತ್ತದೆ. ಬೇಸರವಾಗುವುದು ಒಂದೇ ವಿಷಯಕ್ಕೆ. ವೇಗ ಜಾಸ್ತಿ ಮಾಡಿ ಎನ್ನುವವರು ಈಗ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ನೋಡಿಯೇ ಇರುವುದಿಲ್ಲ.

2012ರ ಒಂದು ಸಾಮಾನ್ಯ ಪ್ರೊಸೆಸರ್ ತೆಗೆದುಕೊಳ್ಳೋಣ, ಇಂಟೆಲ್ ಐ5-3210ಎಂ. ಮೂಲ ವೇಗ 2.5 ಗಿಗಾಹರ್ಟ್ಸ್, ಟರ್ಬೋದಲ್ಲಿ, ಅಂದರೆ ಭಾರ ಬಿದ್ದಾಗ ತಾನೇ ಏರಿಸಿಕೊಂಡರೆ, 3.1. ಇದಕ್ಕೆ ಸಿಗುವುದು 100 ಮೆಗಾಹರ್ಟ್ಸ್‌ನ ಮೂಲ ಕ್ಲಾಕ್, ಅಂದರೆ ತಾಳ ಹಾಕುವ ಸಂಕೇತ. ಅದನ್ನು 25ರಿಂದ ಗುಣಿಸಿದರೆ 2500, ಅಂದರೆ 2.5 ಗಿಗಾಹರ್ಟ್ಸ್ ಬರುತ್ತದೆ. ಈ ಗುಣಕವನ್ನು ಕಂಪನಿಯೇ ಲಾಕ್ ಮಾಡಿದೆ. ಆ ಪೀಳಿಗೆಯಲ್ಲಿ ಪೂರ್ತಿ ಲಾಕ್ ಇಲ್ಲದೆ ಬಂದದ್ದು 3920ಎಕ್ಸ್‌ಎಂನಂಥ ದುಬಾರಿ 'ಎಕ್ಸ್‌ಟ್ರೀಮ್' ಪ್ರೊಸೆಸರ್‌ಗಳು. ಇನ್ನು 100ನ್ನೇ ಏರಿಸೋಣ ಎಂದರೆ ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ, ಬೇರೆ ಭಾಗಗಳನ್ನು ಜೋಡಿಸುವ ಪಿಸಿಐ ಎಲ್ಲವೂ ಅದೇ ಕ್ಲಾಕ್‌ಗೆ ಅಂಟಿಕೊಂಡಿವೆ. ಸ್ವಲ್ಪ ಏರಿಸಿದರೂ ಯಂತ್ರ ತಡವರಿಸುತ್ತದೆ, ಡಿಸ್ಕ್‌ನಲ್ಲಿರುವ ಫೈಲ್‌ಗಳು ಕೆಡುವ ಭಯವೂ ಇದೆ. ವಿಡಿಯೋದಲ್ಲಿ ಆಗಿದೆಯಲ್ಲ ಎನ್ನುತ್ತಾರೆ. ಅದು ಸುಳ್ಳಲ್ಲ. ಇದಕ್ಕೂ ಹಿಂದಿನ ಕೋರ್ 2 ಡ್ಯುಯೋ ಪ್ರೊಸೆಸರ್ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೆಟ್‌ಎಫ್‌ಎಸ್‌ಬಿ ಎಂಬ ಸಣ್ಣ ತಂತ್ರಾಂಶದಿಂದ ಬಸ್‌ನ, ಅಂದರೆ ಪ್ರೊಸೆಸರ್ ಮತ್ತು ಉಳಿದ ಭಾಗಗಳ ನಡುವಿನ ದಾರಿಯ ವೇಗ ಏರಿಸಬಹುದಿತ್ತು. ಆ ಉಪಾಯ ಆ ಬೋರ್ಡ್‌ಗಳದು, ನಿಮ್ಮದಕ್ಕೆ ನಡೆಯುವುದಿಲ್ಲ.

ಈಗ ನಾನು ದಿನವೂ ಹೇಳಬೇಕಾಗುವ ಮಾತು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು (ಪ್ರೊಸೆಸರ್) ಒತ್ತಿ. ಅಲ್ಲಿ 'ಸ್ಪೀಡ್' ಎಂದು ಒಂದು ಸಂಖ್ಯೆ, ಪಕ್ಕದಲ್ಲಿ 'ಬೇಸ್ ಸ್ಪೀಡ್' ಎಂದು ಇನ್ನೊಂದು. ಸುಮ್ನೆ ಕೂತಿರುವಾಗ ಮೊದಲನೆಯದು ಕಡಿಮೆ ಇದ್ದರೆ ಗಾಬರಿ ಬೇಡ, ಕರೆಂಟ್ ಉಳಿಸಲು ಅದೇ ಇಳಿಸಿಕೊಳ್ಳುತ್ತದೆ. ಒಂದು ಭಾರದ ಕೆಲಸ ಕೊಡಿ, ಹತ್ತು ನಿಮಿಷ ಬಿಡಿ, ಆಮೇಲೆ ನೋಡಿ. ಆಗ 'ಸ್ಪೀಡ್' 'ಬೇಸ್ ಸ್ಪೀಡ್'ಗಿಂತ ಕೆಳಗಿದೆಯೇ? ಹಾಗಿದ್ದರೆ ನೀವು ದುಡ್ಡು ಕೊಟ್ಟ ವೇಗವೇ ನಿಮಗೆ ಸಿಗುತ್ತಿಲ್ಲ. ಯಾರೋ ಹಿಡಿದು ಎಳೆಯುತ್ತಿದ್ದಾರೆ. ಹೆಚ್ಚಿನ ಸಲ ಅದು ಶಾಖ.

ಈ ಪ್ರೊಸೆಸರ್‌ಗೆ 105 ಡಿಗ್ರಿ ಮಿತಿ. ಅದರ ಹತ್ತಿರ ಬಂದರೆ ಸುಟ್ಟುಹೋಗಬಾರದೆಂದು ತಾನೇ ವೇಗ ಇಳಿಸುತ್ತದೆ. ಇಂಥ ಯಂತ್ರಕ್ಕೆ ಓವರ್‌ಕ್ಲಾಕ್ ಮಾಡಿದರೆ ಏನಾಗುತ್ತದೆ? ವೇಗ ಏರಿಸಲು ಸಾಮಾನ್ಯವಾಗಿ ವೋಲ್ಟೇಜ್ ಕೂಡ ಏರಿಸಬೇಕು. ಶಾಖ ವೇಗದ ಜೊತೆ ಏರುತ್ತದೆ, ವೋಲ್ಟೇಜ್‌ನ ವರ್ಗದ ಜೊತೆಯೂ ಏರುತ್ತದೆ. ಎರಡನ್ನೂ ಶೇಕಡಾ 10 ಏರಿಸಿದರೆ ಶಾಖ ಸುಮಾರು ಶೇಕಡಾ 33 ಜಾಸ್ತಿ. 35 ವ್ಯಾಟ್ ಶಾಖಕ್ಕೆ ಅಳತೆ ಮಾಡಿ ಇಟ್ಟ ತಾಮ್ರದ ಪೈಪ್, ಅಂಗೈಗಿಂತ ಸಣ್ಣ ಫ್ಯಾನ್, ಅದನ್ನು ಎಲ್ಲಿ ಹೊರಹಾಕಬೇಕು? ಮಿತಿ ಇನ್ನೂ ಬೇಗ ಮುಟ್ಟುತ್ತದೆ, ವೇಗ ಮತ್ತೆ ಇಳಿಯುತ್ತದೆ.

ಒಬ್ಬ ಸಿವಿಲ್ ಓದುವ ಹುಡುಗ ಬಂದಿದ್ದ. ಡ್ರಾಯಿಂಗ್ ತೆರೆದರೆ ಲ್ಯಾಪ್‌ಟಾಪ್ 1.2 ಗಿಗಾಹರ್ಟ್ಸ್‌ಗೆ ಕುಸಿಯುತ್ತಿತ್ತು. ಫ್ಯಾನ್ ಬಿಚ್ಚಿದೆವು. ಶಾಖ ಹೊರಹಾಕುವ ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳ ಬಾಯಲ್ಲಿ ಧೂಳು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಇದು ಹೊರಗಿನಿಂದ ಕಾಣುವುದಿಲ್ಲ, ಬ್ಲೋವರ್ ಹಿಡಿದರೂ ಹೊರಗೆ ಬರುವುದು ಕಷ್ಟ. ಅದನ್ನು ತೆಗೆದು, ಪ್ರೊಸೆಸರ್‌ನ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದೆವು. ಅದೇ ಡ್ರಾಯಿಂಗ್‌ನಲ್ಲಿ ವೇಗ 2.9ರಲ್ಲಿ ನಿಂತಿತು. "ಓವರ್‌ಕ್ಲಾಕ್ ಮಾಡಿದ್ರಾ ಸರ್?" ಎಂದ. ಇಲ್ಲಪ್ಪ, ನಿನ್ನದೇ ಪ್ರೊಸೆಸರ್ ಇದು ಎಂದೆ. ಅವನ ಮುಖ ನೋಡಿ ನನಗೂ ಖುಷಿಯಾಯಿತು.

ಮನೆಯಲ್ಲೇ ಬಿಚ್ಚುವ ಧೈರ್ಯವಿದ್ದರೆ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಗಾಳಿ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಬ್ಯಾಟರಿ ಊದಿಕೊಂಡಿದ್ದರೆ ಮುಟ್ಟಲೇಬೇಡಿ. ನಿಮ್ಮ ಮಾಡೆಲ್ ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ವೇಗ ಇಳಿಯದೆಯೂ ನಿಧಾನ ಎಂದಾದರೆ ಅದೇ ಪುಟದಲ್ಲಿ ಡಿಸ್ಕ್ ನೋಡಿ. 100% ಎಂದು ನಿಂತಿದ್ದು, ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಹಾಕಿಸಿ. ಆ ದುಡ್ಡು ದಂಡವಾಗುವುದಿಲ್ಲ.

ಇನ್ನೊಂದು ಲಕ್ಷಣವಿದೆ. ಎಷ್ಟು ಕೆಲಸ ಕೊಟ್ಟರೂ ವೇಗ 0.8ರ ಹತ್ತಿರ ಕಚ್ಚಿಕೊಂಡಿರುತ್ತದೆ, ಮುಟ್ಟಿದರೆ ಬಿಸಿಯೂ ಇಲ್ಲ. ಆಗ ಮೊದಲು ಅಡಾಪ್ಟರ್ ಮೇಲೆ ಅನುಮಾನಪಡಿ. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಅಡಾಪ್ಟರ್ ಎಷ್ಟು ವ್ಯಾಟ್‌ನದು ಎಂದು ಕೇಳಿ ತಿಳಿದುಕೊಳ್ಳುತ್ತವೆ. ಅಗ್ಗದ ನಕಲಿಯಿಂದ ಉತ್ತರ ಬರದಿದ್ದರೆ, ಅಥವಾ ಪಿನ್ ಸವೆದಿದ್ದರೆ, ಪ್ರೊಸೆಸರ್ ಅನ್ನು ತೀರಾ ಕೆಳಗೆ ಇಳಿಸಿಬಿಡುತ್ತವೆ. ನಾಲ್ಕು ಅಂಗಡಿ ಸುತ್ತಿ, ಪ್ರೊಸೆಸರ್ ಹೋಗಿದೆ ಎಂದು ಹೇಳಿಸಿಕೊಂಡು ಬಂದ ಒಬ್ಬ ಮೇಷ್ಟ್ರಿಗೆ ಬರೀ ಅಡಾಪ್ಟರ್ ಬದಲಿಸಿ ಕಳಿಸಿದ್ದೇನೆ. ಆದ್ದರಿಂದ ರಿಪೇರಿಗೆ ಬರುವಾಗ ದಯವಿಟ್ಟು ಚಾರ್ಜರ್ ಮನೆಯಲ್ಲಿ ಬಿಟ್ಟು ಬರಬೇಡಿ.